ನಾಳೆಯ ಮಳೆಗೆ ‘ವಿಲ್’ ಯಾಕೆ ಬೇಡ?

‘ಸಾರ್, ಟುಮಾರೊ ರೇನ್ ಕೇಮ್ ಮೀನ್ಸ್ ಐ ವಿಲ್ ನಾಟ್ ಕಮ್.’

ಮಳೆಗಾಲ ಶುರುವಾದರೆ ನನ್ನ ಸಂಜೆಯ ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ಈ ವಾಕ್ಯ ಕೇಳಿಸಿಯೇ ಕೇಳಿಸುತ್ತದೆ. ಉಳಿದವರು ನಗುತ್ತಾರೆ. ನಾನು ನಗುವುದಿಲ್ಲ. ‘ನಾಳೆ ಮಳೆ ಬಂತು ಅಂದ್ರೆ ಬರಲ್ಲ’ ಅನ್ನುವುದನ್ನು ಆತ ಪದಕ್ಕೆ ಪದ ಇಟ್ಟಿದ್ದಾನೆ, ಅಷ್ಟೇ. ಅದರಲ್ಲೊಂದು ಮಜಾ ಇದೆ ನೋಡಿ. ಮಳೆ ನಾಳೆಯದು, ನಾವು ಹೇಳುವುದು ‘ಬಂತು’! ‘ಬಂದರೆ’ ಕೂಡ ‘ಬಂದ’ ಅನ್ನುವುದರ ಮೇಲೇ ನಿಂತಿದೆ. ಷರತ್ತು ಹಾಕುವಾಗ ಕನ್ನಡಕ್ಕೆ ಭವಿಷ್ಯತ್ ಕಾಲ ಬೇಕಾಗಿಲ್ಲ.

ಇಂಗ್ಲಿಷಿಗೂ ಬೇಡ. ಅದು ವರ್ತಮಾನ ಕಾಲವನ್ನು ಇಡುತ್ತದೆ: ‘ಇಫ್ ಇಟ್ ರೇನ್ಸ್, ಐ ವಿಲ್ ನಾಟ್ ಕಮ್.’ ಇದೇ ಫಸ್ಟ್ ಕಂಡೀಷನಲ್. ಮುಂದೆ ನಿಜವಾಗಿಯೂ ಆಗಬಹುದಾದ ಸಂಗತಿಗೆ ಬಳಸುವುದು. ‘ಇಫ್’ ಇರುವ ಕಡೆ ‘ವಿಲ್’ ಇಲ್ಲ, ಇನ್ನೊಂದು ಕಡೆ ಇದೆ. ‘ರೇನ್ಸ್’ನಲ್ಲಿರುವ ಎಸ್ ಅಕ್ಷರವನ್ನು ನುಂಗಬೇಡಿ.

ನಿಯಮ ಒಂದು ನಿಮಿಷದಲ್ಲಿ ಅರ್ಥವಾಗುತ್ತದೆ, ಬಾಯಿಗೆ ಬರಲು ತಿಂಗಳು ಹಿಡಿಯುತ್ತದೆ. ಅದಕ್ಕೆ ನಾನು ಸರಪಳಿ ಆಟ ಆಡಿಸುತ್ತೇನೆ. ಒಬ್ಬಳು ಶುರು ಮಾಡುತ್ತಾಳೆ: ‘ಇಫ್ ಐ ಮಿಸ್ ದ ಬಸ್, ಐ ವಿಲ್ ಬಿ ಲೇಟ್.’ ಪಕ್ಕದವನು ಅವಳ ಬಾಲ ಹಿಡಿಯಬೇಕು: ‘ಇಫ್ ಐ ಆ್ಯಮ್ ಲೇಟ್, ಮೈ ಬಾಸ್ ವಿಲ್ ಶೌಟ್.’ ಮುಂದಿನವಳು: ‘ಇಫ್ ಹಿ ಶೌಟ್ಸ್, ಐ ವಿಲ್ ಕ್ರೈ.’ ಹಿಂದಿನವರ ‘ವಿಲ್’ ಕಿತ್ತು ಹಾಕದೆ ಮುಂದೆ ಹೋಗುವ ಹಾಗೇ ಇಲ್ಲ. ‘ವಿಲ್ ಬಿ’ ಇದ್ದದ್ದು ‘ಆ್ಯಮ್’ ಆಗಬೇಕು, ‘ಶೌಟ್’ಗೆ ಬಾಲ ಬರಬೇಕು. ಸುಮ್ನೆ ಬಿಟ್ಟ ಸ್ಥಳ ತುಂಬುವುದಕ್ಕಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ.

ಆಮೇಲೆ ವಾಕ್ಯವನ್ನು ತಿರುಗಿಸುತ್ತೇನೆ: ‘ಐ ವಿಲ್ ಬಿ ಲೇಟ್ ಇಫ್ ಐ ಮಿಸ್ ದ ಬಸ್.’ ಕಲಿತವರೂ ಇಲ್ಲಿ ಜಾರುತ್ತಾರೆ. ಮೊದಲು ಬಾಯಿಗೆ ಬಂದ ‘ವಿಲ್’ ನಾಲಿಗೆಗೆ ಅಂಟಿಕೊಂಡು ಎರಡನೇ ಕಡೆಗೂ ಬಂದುಬಿಡುತ್ತದೆ. ಬರೆಯುವಾಗ ಈ ಕ್ರಮದಲ್ಲಿ ನಡುವೆ ಅಲ್ಪವಿರಾಮವೂ ಸಾಮಾನ್ಯವಾಗಿ ಬೇಡ.

ಜಾಣ ವಿದ್ಯಾರ್ಥಿ ಒಬ್ಬ ಇದ್ದೇ ಇರುತ್ತಾನೆ. ‘ಸಾರ್, ಐ ಡೋಂಟ್ ನೋ ಇಫ್ ಹಿ ವಿಲ್ ಕಮ್ ಅನ್ನೋದು ಸರಿ ಅಲ್ವಾ?’ ಸರಿಯೇ. ಅಲ್ಲಿ ‘ಇಫ್’ ಅಂದರೆ ‘ಬಂದರೆ’ ಅಲ್ಲ, ‘ಬರ್ತಾನೋ ಇಲ್ವೋ’. ಕನ್ನಡಕ್ಕೆ ತಂದು ನೋಡಿ, ಗೊಂದಲ ಅಲ್ಲೇ ಬಿಡಿಸಿಕೊಳ್ಳುತ್ತದೆ.

‘ನೀವು ಬರೋದಾದರೆ ಟಿಕೆಟ್ ತೆಗೀತೀನಿ’ ಅನ್ನುವುದೂ ಹಾಗೇ. ಟಿಕೆಟ್ ಮೊದಲು, ಬರುವುದು ಆಮೇಲೆ. ‘ಬಂದರೆ’ ಅಂದರೆ ಬಂದ ಮೇಲೆ ಟಿಕೆಟ್ ತೆಗೆದ ಹಾಗಾಗುತ್ತದೆ. ಇಂಗ್ಲಿಷಿನಲ್ಲೂ ಇಲ್ಲಿ ‘ಇಫ್ ಯು ಆರ್ ಕಮಿಂಗ್’ ಅನ್ನಬೇಕು. ಪುಸ್ತಕದ ಪಟ್ಟಿ ಬಾಯಿಪಾಠ ಮಾಡಿದವರು ಈ ವ್ಯತ್ಯಾಸಕ್ಕೆ ತಡವರಿಸುತ್ತಾರೆ. ನಮ್ಮ ಕ್ಲಾಸಿಗೆ ಬರುವ ಕಿರಾಣಿ ಅಂಗಡಿಯವರಿಗೆ ಒಂದೇ ಸಲಕ್ಕೆ ಹೊಳೆಯಿತು: ‘ಸಾಮಾನು ತಗೊಂಡರೆ ಬೇರೆ, ತಗೊಳ್ಳೋದಾದರೆ ಬೇರೆ ಸಾರ್. ಎರಡನೆಯವರಿಗೆ ನಾನು ಬರೀ ರೇಟ್ ಹೇಳೋದು.’