ಮುಳುಗುವ ಆಲೂಗಡ್ಡೆಯನ್ನೂ ನೀರು ಎತ್ತುತ್ತದೆ

‘ಭಾರ ಇದ್ರೆ ಮುಳುಗುತ್ತೆ, ಹಗುರ ಇದ್ರೆ ತೇಲುತ್ತೆ ಪುಟ್ಟಾ.’ ಮೂರು ವರ್ಷದ ಮಗು ಬಕೆಟ್ಟಿಗೆ ಏನನ್ನಾದರೂ ಹಾಕಿ ಮುಖ ನೋಡಿದಾಗ ನಾವು ಹೇಳುವ ಮೊದಲ ಸುಳ್ಳು ಇದು. ನಾಲ್ಕಾಳು ಹೊರಲಾಗದ ಸಿಲ್ವರ್ ಓಕ್ ದಿಮ್ಮಿ ಕೆರೆಯಲ್ಲಿ ತೇಲುತ್ತದೆ. ಒಂದೇ ಒಂದು ಕಡಲೆಕಾಳು ಲೋಟದ ತಳ ಸೇರುತ್ತದೆ. ಇದರ ಬೆನ್ನಿಗೇ ಇನ್ನೊಂದು ತಪ್ಪು ಕಲ್ಪನೆ, ಹೈಸ್ಕೂಲು ಮುಗಿಸಿದವರಲ್ಲೂ ಉಳಿದಿರುವಂಥದ್ದು: ತೇಲುವುದನ್ನು ಮಾತ್ರ ನೀರು ಎತ್ತುತ್ತದೆ, ಮುಳುಗುವುದನ್ನು ಕೈಬಿಡುತ್ತದೆ ಎಂಬುದು. ಇದನ್ನು ಬಿಡಿಸಲು ದುಬಾರಿ ಸೈನ್ಸ್ ಕಿಟ್ ತರಿಸಬೇಕಿಲ್ಲ. ಮುಂಗಾರಿನಲ್ಲಿ ಆಲೂಗಡ್ಡೆ ಬೆಳೆಯುವ ಹಾಸನದವರಿಗಂತೂ ಬೇಕೇ ಇಲ್ಲ.

ಬೆಳ್ಳುಳ್ಳಿ ಕಟ್ಟಿಕೊಡುವ ಬಲೆಚೀಲಕ್ಕೆ ಸುಮಾರು 200 ಗ್ರಾಮಿನ ಒಂದು ಗಡ್ಡೆ ಹಾಕಿ. ಮೂರ್ನಾಲ್ಕು ರಬ್ಬರ್ ಬ್ಯಾಂಡುಗಳನ್ನು ಒಂದಕ್ಕೊಂದು ಸೇರಿಸಿ ಚೀಲದ ಬಾಯಿಗೆ ಕಟ್ಟಿ, ತುದಿಯನ್ನು ಮಗುವಿನ ಕೈಗೆ ಕೊಡಿ. ರಬ್ಬರು ಜಗ್ಗಿ ಉದ್ದವಾಗಿ ತೂಗಾಡುತ್ತದೆ. ಈಗ ಟಬ್ಬಿನ ನೀರಿಗೆ ಮೆಲ್ಲಗೆ ಇಳಿಸಲಿ. ಗಡ್ಡೆ ಒಳಗೆ ಹೋದಷ್ಟೂ ರಬ್ಬರು ಗಿಡ್ಡವಾಗುತ್ತ ಬಂದು, ಪೂರ್ತಿ ಮುಳುಗಿದಾಗ ಹೆಚ್ಚುಕಡಿಮೆ ಸಡಿಲವೇ ಆಗಿಬಿಡುತ್ತದೆ. ನಮ್ಮಕ್ಕನ ಮಗಳಿಗೆ ನಾಲ್ಕು ವರ್ಷ. ಟಬ್ಬಿನೊಳಗೆ ಇಣುಕಿದವಳು ‘ಮಾವಾ, ಕೆಳಗಡೆಯಿಂದ ಯಾರೋ ಹಿಡ್ಕೊಂಡಿದಾರೆ’ ಅಂದಳು. ಇದಕ್ಕಿಂತ ಸರಿಯಾದ ವಿವರಣೆ ಪಠ್ಯಪುಸ್ತಕದಲ್ಲೂ ಇಲ್ಲ.

ಹಿಡಿದುಕೊಂಡಿರುವುದು ನೀರು. ಆಲೂಗಡ್ಡೆಯ ಸಾಂದ್ರತೆ, ಅಂದರೆ ಒಂದೇ ಗಾತ್ರಕ್ಕೆ ಇರುವ ತೂಕ, ನೀರಿನ ಸುಮಾರು 1.08 ಪಟ್ಟು. ಹಾಗಾಗಿ 200 ಗ್ರಾಮಿನ ಗಡ್ಡೆ ಸುಮಾರು 185 ಮಿಲಿಲೀಟರ್ ಜಾಗ ಹಿಡಿಯುತ್ತದೆ. ಅಷ್ಟು ನೀರಿನ ತೂಕ 185 ಗ್ರಾಂ. ಆ ಭಾರವನ್ನು ನೀರು ಹೊರುತ್ತದೆ, ಮಗುವಿನ ಕೈಗೆ ಉಳಿಯುವುದು ಬರೀ 15 ಗ್ರಾಂ. ಸರಿಯಾಗಿ ಅಷ್ಟೇ ಏಕೆ? ಗಡ್ಡೆ ಬರುವ ಮೊದಲು ಆ ಜಾಗದಲ್ಲಿ ನೀರೇ ಇತ್ತಲ್ಲ, ಅದು ಕೆಳಕ್ಕೂ ಬೀಳದೆ ಮೇಲಕ್ಕೂ ಹಾರದೆ ನಿಂತಿತ್ತು. ಅಂದರೆ ಸುತ್ತಲಿನ ನೀರು ಸರಿಯಾಗಿ ಅದರ ತೂಕದಷ್ಟೇ ಭಾರವನ್ನು ಹೊತ್ತಿತ್ತು. ಜಾತ್ರೆ ದಿನದ ಬೇಲೂರು ಬಸ್ಸಿನಲ್ಲಿ ಒಬ್ಬರು ಇಳಿದ ಸಂದಿಗೆ ನೀವು ತೂರಿಕೊಂಡರೆ, ಸುತ್ತ ನಿಂತವರು ಅವರನ್ನು ಒತ್ತುತ್ತಿದ್ದಷ್ಟೇ ನಿಮ್ಮನ್ನೂ ಒತ್ತುತ್ತಾರೆ; ನೀವು ಯಾರೆಂದು ಕೇಳುವುದಿಲ್ಲ. ಒಳಗೆ ಬಂದದ್ದು ಗಡ್ಡೆಯೋ ಗುಂಡುಕಲ್ಲೋ, ನೀರೂ ಕೇಳುವುದಿಲ್ಲ. ಆಳ ಹೆಚ್ಚಿದಂತೆ ಒತ್ತಡ ಹೆಚ್ಚು. ಆದ್ದರಿಂದ ಗಡ್ಡೆಯ ನೆತ್ತಿಯ ಮೇಲೆ ಬೀಳುವ ಒತ್ತಿಗಿಂತ ಅಡಿಯಿಂದ ಬರುವ ಒತ್ತು ಜಾಸ್ತಿ, ಒಟ್ಟು ಫಲ ಮೇಲ್ಮುಖ.

ಇಲ್ಲಿ ಪ್ರಾಚೀನ ಗ್ರೀಕ್ ವಿಜ್ಞಾನಿ ಆರ್ಕಿಮಿಡೀಸನ ಸ್ನಾನದ ತೊಟ್ಟಿಯ ಕಥೆ ಹೇಳುವುದು ವಾಡಿಕೆ: ರಾಜನ ಚಿನ್ನದ ಕಿರೀಟಕ್ಕೆ ಅಕ್ಕಸಾಲಿಗ ಬೆಳ್ಳಿ ಬೆರೆಸಿದ್ದನ್ನು ಆತ ಉಕ್ಕಿದ ನೀರಿನ ಅಳತೆಯಿಂದ ಪತ್ತೆ ಹಚ್ಚಿದನಂತೆ. ಆ ಕಥೆ ಬರೆದಿಟ್ಟವನು ರೋಮಿನ ವಿಟ್ರೂವಿಯಸ್, ಆರ್ಕಿಮಿಡೀಸ್ ಸತ್ತು ಸುಮಾರು 200 ವರ್ಷವಾದ ಮೇಲೆ. ಲೆಕ್ಕ ಹಾಕಿ ನೋಡಿ: ಒಂದು ಕಿಲೋ ಕಿರೀಟಕ್ಕೆ ಅಕ್ಕಸಾಲಿಗ ಶೇ. 30 ಬೆಳ್ಳಿ ಬೆರೆಸಿದ್ದರೂ ಹೆಚ್ಚಾಗುವ ಗಾತ್ರ 13 ಮಿಲಿಲೀಟರ್. 20 ಸೆಂಟಿಮೀಟರ್ ಅಗಲದ ದುಂಡು ಪಾತ್ರೆಯಲ್ಲಿ ನೀರಿನ ಮಟ್ಟದ ವ್ಯತ್ಯಾಸ ಅರ್ಧ ಮಿಲಿಮೀಟರೂ ಇಲ್ಲ. ಉಕ್ಕಿದ ನೀರು ಅಳೆದು ಯಾವ ಕಳ್ಳನನ್ನು ಹಿಡಿಯುವುದು? 1586ರಲ್ಲಿ, 22ರ ಹರೆಯದ ಗೆಲಿಲಿಯೊಗೂ ಇದೇ ಅನುಮಾನ ಬಂತು. ವಸ್ತುವನ್ನು ನೀರಿನೊಳಗೇ ಇಳಿಬಿಟ್ಟು ತೂಗುವ ತಕ್ಕಡಿಯೊಂದನ್ನು ಆತ ವಿವರಿಸಿದ. ರಬ್ಬರ್ ಬ್ಯಾಂಡಿನ ಆಲೂಗಡ್ಡೆ ಆ ತಕ್ಕಡಿಯ ಬಡ ನೆಂಟ.

ಮುಂದಿನ ದಿನ ಉಪ್ಪು. ಒಂದು ಲೀಟರ್ ನೀರಿಗೆ ಸುಮಾರು 150 ಗ್ರಾಂ ಉಪ್ಪು ಕರಗಿಸಿದರೆ ನೀರಿನ ಸಾಂದ್ರತೆ ಗಡ್ಡೆಯದಕ್ಕಿಂತ ಹೆಚ್ಚಾಗಿ, ಅದೇ ಗಡ್ಡೆ ತೇಲುತ್ತದೆ. ತೇಲದಿದ್ದರೆ ಇನ್ನೆರಡು ಚಮಚ. ಈ ಉಪ್ಪುನೀರಿನ ಮೇಲೆ ಸೌಟಿನ ಬೆನ್ನಿಗೆ ತಾಗಿಸಿ ಸಿಹಿನೀರನ್ನು ನಿಧಾನವಾಗಿ ಬಿಟ್ಟರೆ ಗಡ್ಡೆ ಎರಡರ ನಡುವೆ ನಿಂತುಬಿಡುತ್ತದೆ. ಮೊಟ್ಟೆ ತೇಲುವಷ್ಟು ಉಪ್ಪು ಬೆರೆಸಿ, ಬಿತ್ತನೆ ಭತ್ತ ಸುರಿದು ಜೊಳ್ಳು ತೆಗೆಯುವ ರೈತರು ಮಾಡುವುದೂ ಇದನ್ನೇ. ಚಿಕ್ಕಮಗಳೂರಿನ ತೋಟಗಳಲ್ಲಿ ಸಿಪ್ಪೆ ಸುಲಿಯುವ ಯಂತ್ರವಾದ ಪಲ್ಪರಿಗೆ ಹಾಕುವ ಮೊದಲು ಕಾಫಿ ಹಣ್ಣನ್ನು ನೀರಿಗೆ ಸುರಿದಾಗ ಕಾಯಿಕೊರಕ ತಿಂದದ್ದು, ಬೀಜ ಕಟ್ಟದ್ದು ಮೇಲೆ ಬರುತ್ತದೆ. ಗಾಜಿನ ತೊಟ್ಟಿಯಲ್ಲಿ ‘ತೇಲುವ ಕಲ್ಲು’ ಇಟ್ಟು ಕೈಮುಗಿಸಿ ಕಾಸು ಕೇಳುವವರದ್ದೂ ಇದೇ ಪಾಠ, ಪವಾಡದ ಹೊದಿಕೆ ಮಾತ್ರ ಹೆಚ್ಚು. ಜ್ವಾಲಾಮುಖಿಯ ಪ್ಯೂಮಿಸ್ ಕಲ್ಲಿನ ತುಂಬ ಗಾಳಿಗುಳ್ಳೆಗಳು. 1883ರಲ್ಲಿ ಕ್ರಕಟೋವಾ ಸಿಡಿದಾಗ ಅಂಥ ಕಲ್ಲುಗಳು ಹಿಂದೂ ಮಹಾಸಾಗರವನ್ನೇ ದಾಟಿ ಆಫ್ರಿಕಾದ ದಡ ಸೇರಿದವು. ಯಾರೂ ಮಂತ್ರ ಹಾಕಿರಲಿಲ್ಲ.

ಇಷ್ಟೆಲ್ಲ ನಿಮಗೆ, ಮಗುವಿಗಲ್ಲ. ಗಿಡ್ಡ ಲೋಟದ ನೀರನ್ನು ಉದ್ದ ಲೋಟಕ್ಕೆ ಸುರಿದರೆ ನೀರೇ ಜಾಸ್ತಿಯಾಯಿತು ಎಂದು ಈ ವಯಸ್ಸಿನ ಮಕ್ಕಳು ನಂಬುವುದನ್ನು ಸ್ವಿಸ್ ಮನೋವಿಜ್ಞಾನಿ ಜೀನ್ ಪಿಯಾಜೆ ಬಹಳ ಹಿಂದೆಯೇ ತೋರಿಸಿದ್ದಾರೆ. ಅಂಥವರಿಗೆ ಸಾಂದ್ರತೆ ಹೇಳಿ ಏನು ಪ್ರಯೋಜನ? ಹಾಕುವ ಮೊದಲು ‘ಏನಾಗುತ್ತೆ ಹೇಳು’ ಅನ್ನಿ, ಉತ್ತರ ತಪ್ಪಾದರೆ ತಿದ್ದದೆ ಬಿಡಿ. ಒಂದು ವಿಷಯದಲ್ಲಿ ಮಾತ್ರ ಸಡಿಲ ಬೇಡ: ಗೇಣುದ್ದ ನೀರಿನಲ್ಲೂ ಪುಟ್ಟ ಮಕ್ಕಳು ಮುಳುಗಬಹುದು. ಪಕ್ಕದಲ್ಲೇ ಕೂತಿರಿ, ಆಟ ಮುಗಿದ ತಕ್ಷಣ ಟಬ್ ಬರಿದು ಮಾಡಿ. ಕಾಳುಗಳನ್ನು ಮೂಗಿಗೆ, ಬಾಯಿಗೆ ಹಾಕಿಕೊಳ್ಳುವ ವಯಸ್ಸಾದರೆ ಕಾಳು ಬೇಡವೇ ಬೇಡ.

ಕೊನೆಗೆ ಎಂಜಿನಿಯರಿಂಗ್. ಉದ್ದನೆಯ ಖಾಲಿ ಸ್ಟೀಲ್ ಲೋಟವನ್ನು ನೆಟ್ಟಗೆ ನೀರಲ್ಲಿ ಬಿಟ್ಟರೆ ವಾಲಿ, ನೀರು ಕುಡಿದು ಮುಳುಗುತ್ತದೆ. ತಳಕ್ಕೆ ಒಂದು ಹಿಡಿ ಹುಣಸೆಬೀಜ ಹಾಕಿದರೆ ಭಾರ ಹೆಚ್ಚಾಗಿಯೂ ನೆಟ್ಟಗೆ ತೇಲುತ್ತದೆ. ಹಡಗಿನ ತಳದಲ್ಲಿ ಭಾರ ತುಂಬುವುದು ಇದಕ್ಕೇ. ಎಷ್ಟು ಬೀಜಕ್ಕೆ ನಿಲ್ಲುತ್ತದೆ, ಎಷ್ಟಕ್ಕೆ ಮುಳುಗುತ್ತದೆ ಎಂಬುದನ್ನು ಮಗುವೇ ಒಂದೊಂದಾಗಿ ಹಾಕಿ ನೋಡಲಿ. ಎಣಿಕೆ ನಾಲ್ಕರ ಮೇಲೆ ಏಳಕ್ಕೆ ಹಾರಿದರೂ ಚಿಂತೆಯಿಲ್ಲ.