ಓಟ ಮುಗಿದ ಮೂರನೇ ದಿನದ ನೆಗಡಿ

ಭಾನುವಾರ ಮ್ಯಾರಥಾನ್ ಮುಗಿಸಿ, ಮೆಡಲ್ ಕೊರಳಿಗೆ ಹಾಕಿಕೊಂಡು ಸ್ಟೇಟಸ್ ಹಾಕುತ್ತೇವೆ. ಸೋಮವಾರ ಮೆಟ್ಟಿಲು ಇಳಿಯಬೇಕಾದರೆ ಗೋಡೆ ಹಿಡಿಯಬೇಕು. ಅದು ಬಿಡಿ, ಗೊತ್ತಿದ್ದದ್ದೇ. ಬುಧವಾರ ಬೆಳಿಗ್ಗೆ ಎದ್ದರೆ ಗಂಟಲು ಕೆರೆತ, ಸಂಜೆಗೆ ಮೂಗು ಸೋರಲು ಶುರು. ನನಗೆ ಮೂರು ಸಲ ಹೀಗಾಗಿದೆ. ಮೂರನೇ ಸಲ ಅಮ್ಮ ಮೆಣಸಿನ ಸಾರಿನ ಲೋಟ ಕೈಗಿಟ್ಟು, "ಆರೋಗ್ಯಕ್ಕೆ ಅಂತ ಓಡೋದು, ಓಡಿ ಬಂದು ಮಲಗೋದು, ಇದ್ಯಾವ ಸೀಮೆ ಆರೋಗ್ಯಾನೋ" ಅಂದಳು. ಉತ್ತರ ಹೊಳೆಯಲಿಲ್ಲ. ಜೊತೆಗೆ ಓಡುವವರ ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಅಲ್ಲೂ ಅರ್ಧ ಜನ ಕೆಮ್ಮುತ್ತಾ ಕೂತಿದ್ದರು.

ಇದನ್ನು ಲೆಕ್ಕ ಹಾಕಿ ನೋಡಿದವರಿದ್ದಾರೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಟೂ ಓಷನ್ಸ್ ಅಂತ 56 ಕಿಲೋಮೀಟರ್ ಓಟ ನಡೆಯುತ್ತದೆ. 1982ರಲ್ಲಿ ಅಲ್ಲಿ ಓಡಿದ 150 ಜನರನ್ನು ಆರಿಸಿಕೊಂಡು, ಅವರಿಗೆ ಹೊಂದುವ ಓಡದೇ ಇರುವ ಜನರ ಜೊತೆ ಹೋಲಿಸಿದರು. ಎರಡು ವಾರದಲ್ಲಿ ಓಡಿದವರಲ್ಲಿ 33% ಜನರಿಗೆ ಗಂಟಲು, ಮೂಗಿನ ತೊಂದರೆ ಬಂತು. ಓಡದವರಲ್ಲಿ 15%. ಬೇಗ ಓಡಿ ಮುಗಿಸಿದವರಿಗೇ ಜಾಸ್ತಿ ಕಾಟ. 1987ರ ಲಾಸ್ ಏಂಜಲೀಸ್ ಮ್ಯಾರಥಾನ್ ಆದ ಮೇಲೆ ಇನ್ನೊಂದು ಲೆಕ್ಕ ಬಂತು. ಓಡಿದವರಲ್ಲಿ ಒಂದು ವಾರದೊಳಗೆ 12.9% ಜನರಿಗೆ ಸೋಂಕಿನ ಲಕ್ಷಣ ಕಂಡಿತ್ತು. ಹೆಸರು ಕೊಟ್ಟು, ಕಾಯಿಲೆ ಬಿಟ್ಟು ಬೇರೆ ಕಾರಣಕ್ಕೆ ಓಡದೇ ಉಳಿದವರಲ್ಲಿ ಅದು ಬರೀ 2.2%.

ಇದಕ್ಕೆ ವಿಜ್ಞಾನಿಗಳು ಕೊಟ್ಟ ವಿವರಣೆಗೆ 'ತೆರೆದ ಕಿಟಕಿ' ಅಂತ ಹೆಸರು. ದೀರ್ಘ ಓಟದ ನಂತರ ರಕ್ತ ತೆಗೆದು ನೋಡಿದರೆ ಲಿಂಫೋಸೈಟ್ ಅನ್ನುವ ಬಿಳಿ ರಕ್ತಕಣಗಳು ಒಂದೆರಡು ಗಂಟೆಯಲ್ಲಿ ಮಾಮೂಲಿಗಿಂತ ಕೆಳಗೆ ಇಳಿದಿರುತ್ತವೆ. ಕಾವಲು ಕಮ್ಮಿಯಾಯಿತು, ಕಿಟಕಿ ತೆರೆಯಿತು, ವೈರಸ್ ಒಳಗೆ ಬಂತು ಅಂತ ಲೆಕ್ಕಾಚಾರ. ಸುಮಾರು ಮೂರು ದಶಕ ಎಲ್ಲರೂ ಇದನ್ನೇ ಹೇಳುತ್ತಿದ್ದರು. 2018ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಜೇಮ್ಸ್ ಟರ್ನರ್ ಮತ್ತು ಜಾನ್ ಕ್ಯಾಂಪ್‌ಬೆಲ್ ಇದನ್ನು ಎದುರು ಹಾಕಿಕೊಂಡರು. ಆ ಕಣಗಳು ಸತ್ತು ಹೋಗಿರುವುದಿಲ್ಲ, ರಕ್ತ ಬಿಟ್ಟು ಶ್ವಾಸಕೋಶ, ಕರುಳಿನಂತಹ ಜಾಗಗಳಿಗೆ ಗಸ್ತಿಗೆ ಹೋಗಿರುತ್ತವೆ ಅನ್ನುವುದು ಅವರ ವಾದ. ಇಲಿಗಳಲ್ಲಿ ಈ ಕಣಗಳಿಗೆ ಗುರುತು ಹಾಕಿ ಬಿಟ್ಟು ನೋಡಿದಾಗ ಹಾಗೆಯೇ ಕಂಡಿತ್ತು. ದಸರಾ ಸಮಯದಲ್ಲಿ ಮೈಸೂರಿನ ಯಾವುದೋ ಠಾಣೆಗೆ ಹೋಗಿ, ಇಬ್ಬರೇ ಪೊಲೀಸರು ಕಂಡರು, ಊರಿಗೆ ಕಾವಲೇ ಇಲ್ಲ ಅಂದರೆ ಹೇಗೆ? ಉಳಿದವರೆಲ್ಲ ಬಂದೋಬಸ್ತ್‌ಗೆ ಹೋಗಿರುತ್ತಾರೆ.

ಅಲ್ಲದೆ ಗಂಟಲು ಕೆರೆದ ಮಾತ್ರಕ್ಕೆ ಸೋಂಕು ಅಂತ ಹೇಳಲೂ ಆಗುವುದಿಲ್ಲ. ನಾಲ್ಕೈದು ಗಂಟೆ ಬಾಯಲ್ಲಿ ಉಸಿರಾಡಿ, ದೂಳು, ಒಣಗಾಳಿ ಎಲ್ಲ ಎಳೆದುಕೊಂಡರೆ ಗಂಟಲು ಕೆರೆಯದೇ ಇನ್ನೇನಾಗುತ್ತದೆ? ಹೀಗೆ ದೂರು ಹೇಳಿದ ಕ್ರೀಡಾಪಟುಗಳ ಗಂಟಲಿನಿಂದ ಮಾದರಿ ತೆಗೆದು ಪರೀಕ್ಷಿಸಿದಾಗ ಎಷ್ಟೋ ಜನರಲ್ಲಿ ಯಾವ ರೋಗಾಣುವೂ ಸಿಕ್ಕಿಲ್ಲ.

ನನಗೆ ಟರ್ನರ್ ಕಡೆಯವರ ಮಾತು ಜಾಸ್ತಿ ಸರಿ ಅನ್ನಿಸುತ್ತದೆ. ಓಟ ಒಂದನ್ನೇ ಕಟಕಟೆಯಲ್ಲಿ ನಿಲ್ಲಿಸಿದ್ದೇವೆ. ಅದರ ಜೊತೆ ಬಂದವರನ್ನು ಯಾರೂ ಕೇಳಿಲ್ಲ. ನನ್ನ ಮೂರನೇ ಮ್ಯಾರಥಾನ್ ನೆನಪು ಮಾಡಿಕೊಳ್ಳುತ್ತೇನೆ. ಹಿಂದಿನ ದಿನ ಬಿಬ್, ಅಂದರೆ ಎದೆಗೆ ಹಚ್ಚಿಕೊಳ್ಳುವ ನಂಬರ್ ಚೀಟಿ, ತೆಗೆದುಕೊಳ್ಳಲು ನೂಕುನುಗ್ಗಲಿನ ಕ್ಯೂ. ಹೊಟ್ಟೆ ಕೆಟ್ಟೀತು ಅನ್ನುವ ಭಯಕ್ಕೆ ರಾತ್ರಿ ಎರಡೇ ಚಪಾತಿ. ನಿದ್ದೆ ಮೂರು ಗಂಟೆಯೂ ಇಲ್ಲ. ಬೆಳಿಗ್ಗೆ ಬರೀ ಒಂದು ಲೋಟ ಕಾಫಿ, ಯಾಕೆಂದರೆ ಖಾಲಿ ಹೊಟ್ಟೆಯಲ್ಲಿ ಓಡಿದರೆ ಕೊಬ್ಬು ಕರಗುತ್ತದೆ ಅಂತ ಯಾರೋ ಹೇಳಿದ್ದರು.

ಈಗ ಒಂದು ಸಣ್ಣ ಲೆಕ್ಕ. ನಾವು ತಿಂದ ಅನ್ನ, ಮುದ್ದೆ, ಇಡ್ಲಿ ಗ್ಲೈಕೋಜನ್ ಆಗಿ ದೇಹದಲ್ಲಿ ಕೂತಿರುತ್ತದೆ. ಸ್ನಾಯುಗಳಲ್ಲಿ 400 ಗ್ರಾಂ, ಲಿವರ್‌ನಲ್ಲಿ 100 ಗ್ರಾಂ ಸುಮಾರು. ಗ್ರಾಂಗೆ 4 ಕ್ಯಾಲರಿಯಂತೆ 2000 ಕ್ಯಾಲರಿ. ಓಡಲು ಬೇಕಾಗುವುದು ಕಿಲೋ ತೂಕಕ್ಕೆ, ಕಿಲೋಮೀಟರ್‌ಗೆ ಹೆಚ್ಚುಕಡಿಮೆ 1 ಕ್ಯಾಲರಿ. 60 ಕಿಲೋ ಮನುಷ್ಯ 42 ಕಿಲೋಮೀಟರ್ ಓಡಿದರೆ 2520. ಸ್ವಲ್ಪ ಕೊಬ್ಬಿನಿಂದ ಬರುತ್ತದೆ, ನಿಜ. ಆದರೆ ಕೊಬ್ಬು ನಿಧಾನದ ಸೌದೆ, ಜೋರಾಗಿ ಓಡುವಾಗ ಅದೊಂದರಿಂದ ಸಾಲುವುದಿಲ್ಲ. ರಾತ್ರಿಯೆಲ್ಲ ಉಪವಾಸ ಇದ್ದ ಲಿವರ್ ಬೆಳಗಿನ ಹೊತ್ತಿಗೆ ಅರ್ಧ ಖಾಲಿ ಬೇರೆ. 30 ಕಿಲೋಮೀಟರ್ ದಾಟಿದ ಮೇಲೆ 'ಗೋಡೆಗೆ ಡಿಕ್ಕಿ' ಅಂತ ಓಟಗಾರರು ಹೇಳುವುದು ಇದಕ್ಕೇ. 1924ರ ಬಾಸ್ಟನ್ ಮ್ಯಾರಥಾನ್ ಮುಗಿಸಿದವರ ರಕ್ತ ಪರೀಕ್ಷೆ ಮಾಡಿದ ವೈದ್ಯರು, ಹೆಚ್ಚು ಬಳಲಿದವರಲ್ಲಿ ಸಕ್ಕರೆ ಪಾತಾಳಕ್ಕೆ ಇಳಿದಿದ್ದನ್ನು ಕಂಡರು. ಮುಂದಿನ ವರ್ಷ ಓಟದ ಮಧ್ಯೆ ಕ್ಯಾಂಡಿ ತಿನ್ನಿಸಿದರು. ಅವರೆಲ್ಲ ಚೆನ್ನಾಗಿಯೇ ಮುಗಿಸಿದರು.

ನನಗೆ 34ನೇ ಕಿಲೋಮೀಟರ್ ಫಲಕದ ಹತ್ತಿರ 42ರಲ್ಲಿ 34 ಕಳೆದರೆ ಎಷ್ಟು ಅಂತ ಹೊಳೆಯಲಿಲ್ಲ. ತಮಾಷೆ ಅಲ್ಲ. ನಿಂತು ಬೆರಳು ಎಣಿಸಿದೆ. ಮಿದುಳಿಗೂ ಗ್ಲೂಕೋಸ್ ಬೇಕು ನೋಡಿ. ನೀರು ಕೊಡುತ್ತಿದ್ದ ಹುಡುಗ ಒಬ್ಬ ಬೆಲ್ಲದ ಚೂರು ಕೊಟ್ಟ. ಬಾಯಿಗೆ ಹಾಕಿಕೊಂಡು ಅರ್ಧ ನಿಮಿಷ ಆಗಿರಲಿಲ್ಲ, ಕಾಲು ಎದ್ದವು. ಜೀರ್ಣ ಆಗಿ ರಕ್ತಕ್ಕೆ ಸೇರಲು ಅಷ್ಟು ಬೇಗ ಸಾಧ್ಯವೇ ಇಲ್ಲ. ಆಮೇಲೆ ಓದಿದಾಗ ಗೊತ್ತಾಯಿತು. 2004ರಲ್ಲಿ ಬ್ರಿಟನ್ನಿನ ಸಂಶೋಧಕರು ಸೈಕಲ್ ತುಳಿಯುವವರಿಗೆ ಪಿಷ್ಟದಿಂದ ಮಾಡಿದ ದ್ರಾವಣ ಕೊಟ್ಟು, ಬರೀ ಬಾಯಿ ಮುಕ್ಕಳಿಸಿ ಉಗಿಯಲು ಹೇಳಿದ್ದರು. ಒಂದು ಹನಿಯೂ ಒಳಗೆ ಹೋಗಲಿಲ್ಲ. ಆದರೂ ಸುಮಾರು ಒಂದು ಗಂಟೆಯ ಪರೀಕ್ಷೆಯಲ್ಲಿ ಅವರು 2.9% ಬೇಗ ಮುಗಿಸಿದರು. ಊಟ ಬರುತ್ತಿದೆ ಅಂತ ನಾಲಿಗೆ ಸುದ್ದಿ ಕೊಟ್ಟರೆ ಸಾಕು, ಮಿದುಳು ಬ್ರೇಕ್ ಸ್ವಲ್ಪ ಸಡಿಲ ಮಾಡುತ್ತದೆ. ಸುಸ್ತು ಅನ್ನುವುದು ಪೂರ್ತಿ ಕಾಲಿನದ್ದಲ್ಲ.

ಇದಕ್ಕೂ ನೆಗಡಿಗೂ ಏನು ಸಂಬಂಧ? ರಕ್ತದಲ್ಲಿ ಸಕ್ಕರೆ ಇಳಿದಾಗ ದೇಹ ಕಾರ್ಟಿಸಾಲ್ ಅನ್ನುವ ಹಾರ್ಮೋನನ್ನು ಜಾಸ್ತಿ ಬಿಡುತ್ತದೆ. ಅದು ಲಿವರ್‌ಗೆ ಸಕ್ಕರೆ ಮಾಡು ಅನ್ನುತ್ತದೆ, ಅದೇ ಹೊತ್ತಿಗೆ ರೋಗ ತಡೆಯುವ ಕಣಗಳ ಬಾಯಿಯನ್ನೂ ಮುಚ್ಚಿಸುತ್ತದೆ. ಆ ಕಣಗಳಿಗೂ ಗ್ಲೂಕೋಸೇ ಆಹಾರ. ಓಡುವಾಗ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ತೆಗೆದುಕೊಂಡವರಲ್ಲಿ ಕಾರ್ಟಿಸಾಲ್ ಏರಿಕೆ ಕಮ್ಮಿ ಇರುವುದು ಮತ್ತೆ ಮತ್ತೆ ಕಂಡಿದೆ. ಒಂದು ಸಾಧಾರಣ ಬಾಳೆಹಣ್ಣಿನಲ್ಲಿ 25 ಗ್ರಾಂ ಇರುತ್ತದೆ, ಲೆಕ್ಕ ಹಾಕಿಕೊಳ್ಳಿ. ಹಾಗಂತ ತಿಂದವರಿಗೆ ನೆಗಡಿಯೇ ಬರುವುದಿಲ್ಲ ಅಂತ ಯಾರೂ ಸಾಬೀತು ಮಾಡಿಲ್ಲ. ಹಾರ್ಮೋನ್ ಇಳಿದದ್ದು ನಿಜ, ಕಾಯಿಲೆ ಇಳಿಯಿತಾ ಅನ್ನುವುದು ಬೇರೆ ಪ್ರಶ್ನೆ.

ಮಾತ್ರೆಯ ವಿಷಯಕ್ಕೆ ಬರೋಣ, ಏಕೆಂದರೆ ಎಲ್ಲರೂ ಕೇಳುವುದು ಅದನ್ನೇ. ವಿಟಮಿನ್ ಸಿ ದಿನಾ ತಿಂದರೂ ನಮ್ಮಂಥ ಸಾಮಾನ್ಯ ಜನರಿಗೆ ನೆಗಡಿ ಬರುವುದು ಕಮ್ಮಿ ಆಗುವುದಿಲ್ಲ. ಆದರೆ ಮ್ಯಾರಥಾನ್ ಓಟಗಾರರು, ಹಿಮದಲ್ಲಿ ಕೆಲಸ ಮಾಡುವ ಸೈನಿಕರು, ಸ್ಕೀ ಆಟಗಾರರು ಸೇರಿ 598 ಜನರ ಮೇಲೆ ನಡೆದ ಐದು ಪ್ರಯೋಗಗಳಲ್ಲಿ ಅದು ನೆಗಡಿಯನ್ನು ಅರ್ಧಕ್ಕೆ ಇಳಿಸಿತ್ತು. ಮುಂಚಿನಿಂದಲೇ ದಿನಾ ತೆಗೆದುಕೊಂಡಿದ್ದರೆ ಮಾತ್ರ. ಮೂಗು ಸೋರಲು ಶುರುವಾದ ಮೇಲೆ ಓಡಿಹೋಗಿ ನುಂಗಿದರೆ ಅಷ್ಟಕ್ಕಷ್ಟೆ. ಇನ್ನೊಂದು ಕಡೆ, 2009ರ ಒಂದು ಪ್ರಯೋಗದಲ್ಲಿ ದಿನಕ್ಕೆ 1000 ಮಿಲಿಗ್ರಾಂ ಸಿ ಜೊತೆ ವಿಟಮಿನ್ ಇ ಕೊಟ್ಟಾಗ, ವ್ಯಾಯಾಮದಿಂದ ಇನ್ಸುಲಿನ್ ವಿಷಯದಲ್ಲಿ ಸಿಗಬೇಕಾದ ಲಾಭವೇ ಸಿಗಲಿಲ್ಲ. ಒಂದು ಸೀಬೆಹಣ್ಣಿನಲ್ಲಿ 200 ಮಿಲಿಗ್ರಾಂ ಸುತ್ತಮುತ್ತ ಇರುತ್ತದೆ. ನಾನಂತೂ ಉಪ್ಪು ಖಾರ ಹಚ್ಚಿದ ಸೀಬೆಹಣ್ಣಿನ ಪಾರ್ಟಿ.

ನಿಜವಾದ ತೊಂದರೆ ಓಟದ ದಿನಕ್ಕಿಂತ ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಇರುತ್ತದೆ. 50 ಕಿಲೋ ತೂಕದ ಒಬ್ಬ ಹುಡುಗಿ, ಕೊಬ್ಬು ಬಿಟ್ಟು ಉಳಿದ ತೂಕ 40 ಕಿಲೋ ಅಂತ ಇಟ್ಟುಕೊಳ್ಳಿ. ಬೆಳಿಗ್ಗೆ 15 ಕಿಲೋಮೀಟರ್ ಓಡಿದಳು, 750 ಕ್ಯಾಲರಿ ಹೋಯಿತು. ತೂಕ ಇಳಿಸಬೇಕು ಅಂತ ದಿನಕ್ಕೆ 1600 ತಿನ್ನುತ್ತಾಳೆ. ಉಳಿದದ್ದು 850, ಅಂದರೆ ಆ 40 ಕಿಲೋದಲ್ಲಿ ಕಿಲೋಗೆ 21. ಇದು 30ಕ್ಕಿಂತ ಕೆಳಗೆ ಇಳಿದು ಹಾಗೇ ಉಳಿದರೆ ದೇಹ ಖರ್ಚು ಕಡಿತ ಮಾಡಲು ಶುರು ಮಾಡುತ್ತದೆ. ಮುಟ್ಟು ತಪ್ಪುತ್ತದೆ, ಮೂಳೆ ಸವೆಯುತ್ತದೆ, ಯಾವಾಗಲೂ ಸುಸ್ತು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ರೆಡ್-ಎಸ್ ಅಂತ ಹೆಸರಿಟ್ಟಿತು. ಗಂಡಸರಿಗೂ ಬರುತ್ತದೆ. 2016ರ ರಿಯೊ ಒಲಿಂಪಿಕ್ಸ್‌ಗೆ ಮುಂಚೆ ಆಸ್ಟ್ರೇಲಿಯಾದ ಕ್ರೀಡಾಪಟುಗಳನ್ನು ನೋಡಿದಾಗ, ಸಾಲದಷ್ಟು ತಿನ್ನುವ ಲಕ್ಷಣ ಇದ್ದ ಹೆಣ್ಣುಮಕ್ಕಳೇ ಜಾಸ್ತಿ ಕಾಯಿಲೆ ಬಿದ್ದಿದ್ದರು.

ಇದಕ್ಕೆ ತದ್ವಿರುದ್ಧ ಕೆನ್ಯಾದವರು. ಅವರ ದೊಡ್ಡ ಓಟಗಾರರ ತಟ್ಟೆಯಲ್ಲಿ ಮುಕ್ಕಾಲು ಭಾಗ ಕಾರ್ಬೋಹೈಡ್ರೇಟ್. ಮೆಕ್ಕೆಜೋಳದ ಹಿಟ್ಟಿನ ಉಗಾಲಿ, ನಮ್ಮ ಮುದ್ದೆಯ ದೂರದ ನೆಂಟ. ಜೊತೆಗೆ ಸಕ್ಕರೆ ಸುರಿದ ಹಾಲಿನ ಚಹಾ. ನಮ್ಮಲ್ಲಿ ಎರಡು ಸಲ 10 ಕಿಲೋಮೀಟರ್ ಓಡಿದವರು ಮೊದಲು ಬಿಡುವುದೇ ಅನ್ನ!

ನಿದ್ದೆಯದ್ದು ಒಂದೇ ಮಾತು. 2015ರಲ್ಲಿ ಅಮೆರಿಕದಲ್ಲಿ 164 ಜನರ ಮೂಗಿಗೆ ನೆಗಡಿಯ ವೈರಸ್ಸನ್ನೇ ಹನಿ ಹಾಕಿ ನೋಡಿದರು. ಏಳು ಗಂಟೆಗಿಂತ ಜಾಸ್ತಿ ಮಲಗುವವರಿಗಿಂತ, ಆರು ಗಂಟೆಗಿಂತ ಕಮ್ಮಿ ಮಲಗುವವರಿಗೆ ನೆಗಡಿ ಹತ್ತುವ ಸಾಧ್ಯತೆ ನಾಲ್ಕು ಪಟ್ಟು ಇತ್ತು.

ಹೋದ ಸಲದ ಓಟಕ್ಕೆ ಮೂರು ದಿನ ಮುಂಚಿನಿಂದ ಹೊಟ್ಟೆ ತುಂಬ ಅನ್ನ ಉಂಡೆ, ಬೇಗ ಮಲಗಿದೆ, ಬೆಳಿಗ್ಗೆ ಮೂರೂವರೆಗೆ ಎದ್ದು ಎರಡು ಇಡ್ಲಿ ತಿಂದೆ, ಜೇಬಿನಲ್ಲಿ ಬೆಲ್ಲ ಇಟ್ಟುಕೊಂಡು ಹೊರಟೆ. ಬುಧವಾರ ಗಂಟಲು ಸುಮ್ಮನಿತ್ತು. ಗುರುವಾರವೂ ಇಲ್ಲ. ಶನಿವಾರ ನೆಗಡಿ ಬಂತು. ಆಫೀಸಿನಲ್ಲಿ ಪಕ್ಕದ ಸೀಟಿನವನು ಎರಡು ದಿನದಿಂದ ಕರ್ಚೀಫೂ ಇಲ್ಲದೆ ಸೀನುತ್ತಿದ್ದ. ಅಮ್ಮನಿಗೆ ಇದನ್ನೆಲ್ಲ ವಿವರವಾಗಿ ಹೇಳಿದೆ. ಅವಳು ಮೆಣಸು ಕುಟ್ಟುತ್ತಾ, "ಹೂಂ, ಅವನೂ ಓಡ್ತಾನಾ?" ಅಂದಳು.