ಸೀತಾಳೆ ದಂಡೆ ಸಾಕುವವರು ಮೊದಲು ಬೇರನ್ನು ನೋಡಲಿ

ರೋಹಿಣಿ ಮಳೆ ಒಂದೆರಡು ಸಲ ಬಿದ್ದು ಮೃಗಶಿರ ಹತ್ತಿರವಾಗುವ ಹೊತ್ತಿಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹಲಸು, ಮಾವು, ಮತ್ತಿ ಮರಗಳ ಕೊಂಬೆಗಳಿಂದ ಸೀತಾಳೆ ದಂಡೆ ಇಳಿಬಿದ್ದಿರುತ್ತದೆ. ಬಿಳಿಯ ಮೇಲೆ ನೇರಳೆ ಚುಕ್ಕೆ, ನಡುವೆ ಕಡುಗುಲಾಬಿ ತುಟಿ ಇರುವ ನೂರಕ್ಕೂ ಹೆಚ್ಚು ಪುಟ್ಟ ಹೂಗಳು ಒಂದೇ ಗೊನೆಯಲ್ಲಿ ಒತ್ತಾಗಿ ಪೋಣಿಸಿಕೊಂಡು ಅಡಿಗೂ ಮಿಕ್ಕಿ ತೂಗುವುದನ್ನು ಕಂಡವರಿಗೆ ಅದನ್ನು ಮನೆಯಂಗಳಕ್ಕೆ ತರಬೇಕೆನಿಸುವುದು ಸಹಜ. ತೋಟಗಾರಿಕೆಯ ಸಲಹೆ ಕೇಳಿ ಜೂನ್ ತಿಂಗಳಲ್ಲಿ ನನ್ನಲ್ಲಿಗೆ ಬರುವವರಲ್ಲಿ ಬಹಳ ಮಂದಿ ಕೇಳುವುದು ಈ ಗಿಡದ ಬಗ್ಗೆಯೇ. ಹೋದ ವರ್ಷ ತಂದದ್ದು ಸತ್ತುಹೋಯಿತು, ಈ ವರ್ಷ ಬೇರೆ ತಂದಿದ್ದೇವೆ, ಇದನ್ನಾದರೂ ಉಳಿಸಿಕೊಳ್ಳುವುದು ಹೇಗೆ ಎನ್ನುತ್ತಾರೆ. ಈ ಮಾತಿನ ಮೊದಲರ್ಧ ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಏಕೆಂದರೆ ಸತ್ತ ಗಿಡ ನಮ್ಮ ಅಂಗಳಕ್ಕೆ ಬರುವ ಮುಂಚೆ ಮರದ ಮೇಲೆ ಎಷ್ಟೋ ಮಳೆಗಾಲ ಕಂಡಿದ್ದ ಗಿಡವಾಗಿರುತ್ತದೆ.

ಹೊಸನಗರದ ಕಡೆಯ ಒಂದು ಮನೆಯಲ್ಲಿ ಗೃಹಿಣಿಯೊಬ್ಬರು ಮಣ್ಣಿನ ಕುಂಡದಲ್ಲಿ ನೆಟ್ಟ ಸೀತಾಳೆ ದಂಡೆಯನ್ನು ಮುಂದಿಟ್ಟು, "ಕೊಟ್ಟಿಗೆ ಗೊಬ್ಬರ ಹಾಕಿದೀನಿ, ದಿನಾ ನೀರು ಹಾಕ್ತೀನಿ ಮಾರಾಯ್ರೆ, ಆದ್ರೂ ಎಲೆ ಉದುರ್ತಿದೆ" ಎಂದರು. ಅವರ ಅಕ್ಕರೆಯಲ್ಲಿ ಕೊರತೆ ಇರಲಿಲ್ಲ. ಗಿಡವನ್ನು ಮೆಲ್ಲಗೆ ಎತ್ತಿ ಬೇರನ್ನು ಎರಡು ಬೆರಳಿನ ನಡುವೆ ಹಿಡಿದು ಎಳೆದೆ. ಹೊರಗಿನ ಪದರ ಒದ್ದೆ ಕಾಲುಚೀಲದಂತೆ ಜಾರಿ ನನ್ನ ಕೈಗೆ ಬಂತು, ಒಳಗೆ ನೂಲಿನಂಥ ಎಳೆಯೊಂದೇ ಉಳಿಯಿತು. ಹನ್ನೊಂದು ಬೇರುಗಳಲ್ಲಿ ಒಂಬತ್ತು ಹೀಗೆಯೇ ಆಗಿದ್ದವು. ಎಲೆ ಉದುರುತ್ತಿದ್ದುದು ನೀರು ಸಾಲದೆ ಎಂದು ಅವರು ತಿಳಿದಿದ್ದರು. ಅದು ನಿಜವೂ ಹೌದು: ಕುಂಡದ ತುಂಬ ನೀರಿತ್ತು, ಕುಡಿಯುವ ಬೇರು ಮಾತ್ರ ಇರಲಿಲ್ಲ.

ಈ ಗಿಡದ ಆರೈಕೆಯೆಲ್ಲ ಬೇರಿನಿಂದಲೇ ಶುರುವಾಗುತ್ತದೆ. ಸೀತಾಳೆ ದಂಡೆ ಮರದ ಮೇಲೆ ಬದುಕುವ ಆರ್ಕಿಡ್. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ರಿಂಕೋಸ್ಟೈಲಿಸ್ ರೆಟ್ಯೂಸಾ. ಕಿರುಬೆರಳಿನ ಗಾತ್ರದ ಇದರ ಬೇರಿನ ಸುತ್ತ ಸತ್ತ ಕೋಶಗಳ ಬಿಳಿಯ ಹೊದಿಕೆಯೊಂದಿರುತ್ತದೆ. ಮಳೆಹನಿ ಬಿದ್ದ ಕೂಡಲೇ ಅದು ಸ್ಪಂಜಿನಂತೆ ಹೀರಿಕೊಳ್ಳುತ್ತದೆ, ಒಳಗಿನ ಹಸಿರು ಮೇಲೆ ಕಾಣತೊಡಗುತ್ತದೆ. ಗಾಳಿಯಾಡಿ ಒಣಗಿದಾಗ ಮತ್ತೆ ಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ. ನೆನೆಯುವುದು, ಒಣಗುವುದು, ಮತ್ತೆ ನೆನೆಯುವುದು ಇದರ ಉಸಿರಾಟವಿದ್ದಂತೆ. ಮಣ್ಣಿನಲ್ಲಿ ಹೂತಾಗ, ಅಥವಾ ತೆಂಗಿನ ನಾರನ್ನು ದಪ್ಪಗೆ ಸುತ್ತಿ ಸದಾ ಹಸಿಯಾಗಿಟ್ಟಾಗ, ಒಣಗುವ ಅವಕಾಶವೇ ತಪ್ಪಿ ಬೇರು ಕೊಳೆಯುತ್ತದೆ. ಮರದ ಮೇಲೆ ಬೇಸಿಗೆಯ ಮೂರು ತಿಂಗಳು ಹನಿ ನೀರಿಲ್ಲದೆ ಬದುಕುವ ಗಿಡ ನಮ್ಮ ಮನೆಯಲ್ಲಿ ನೀರು ಹೆಚ್ಚಾಗಿ ಸಾಯುತ್ತದೆ.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಹೇಳಬೇಕು. ಇದು ಬಂದಳಿಕೆಯ ಜಾತಿ, ಮರದ ಸಾರ ಹೀರುತ್ತದೆ ಎಂದು ಮಾವು, ಹಲಸಿನ ಕೊಂಬೆಗಳಿಂದ ಕತ್ತಿಯಲ್ಲಿ ಕೆರೆದು ಹಾಕುವ ರೈತರು ಇದ್ದಾರೆ. ಬಂದಳಿಕೆ ತನ್ನ ಬೇರನ್ನು ಕೊಂಬೆಯೊಳಕ್ಕೆ ಇಳಿಸಿ ಮರದ ನೀರು ಮತ್ತು ಲವಣವನ್ನು ಕದಿಯುತ್ತದೆ, ಅದನ್ನು ತೆಗೆಯಲೇಬೇಕು. ಸೀತಾಳೆ ದಂಡೆ ತೊಗಟೆಯನ್ನು ಹಿಡಿದುಕೊಳ್ಳುತ್ತದೆ ಅಷ್ಟೇ; ಮಳೆನೀರು, ಮಂಜು, ತೊಗಟೆಯ ಮೇಲೆ ಕೊಳೆತ ಎಲೆಯ ಪುಡಿ ಇವೇ ಅದರ ಆಹಾರ. ಅನುಮಾನವಿದ್ದವರು ಸತ್ತ ಗಿಡದ ಬೇರೊಂದನ್ನು ತೊಗಟೆಯಿಂದ ಬಿಡಿಸಿ ನೋಡಿದರೆ ಅಡಿಯಲ್ಲಿ ತೊಗಟೆ ಇಡಿಯಾಗಿಯೇ ಇರುವುದು ಕಾಣುತ್ತದೆ.

ಹಾಗಾದರೆ ಎಲ್ಲಿ ಕಟ್ಟಬೇಕು? ತೊಗಟೆ ಒರಟಾಗಿರುವ, ಅದನ್ನು ಕಳಚದ, ಬದುಕಿರುವ ಮರಕ್ಕೆ. ಹಲಸು, ಮಾವು, ಹೊನ್ನೆ, ಮತ್ತಿ ಒಳ್ಳೆಯವು. ನಾನು ಮೊದಲ ಸ್ಥಾನ ಕೊಡುವುದು ಹಲಸಿಗೆ ಮತ್ತು ಹೆಬ್ಬಲಸಿಗೆ. ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ವಾನ್ ರೀಡ್ ಸಿದ್ಧಪಡಿಸಿ, 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಪ್ರಕಟವಾದ, ಮಲಬಾರಿನ ಗಿಡಮರಗಳ ಗ್ರಂಥ 'ಹೋರ್ಟಸ್ ಮಲಬಾರಿಕಸ್'ನಲ್ಲಿ ಈ ಗಿಡದ ಹೆಸರು ಅಂಜಿಲಿ ಮರದೊಂದಿಗೆ ಸೇರಿಕೊಂಡೇ ದಾಖಲಾಗಿದೆ. ಮಲಯಾಳದ ಅಂಜಿಲಿಯೇ ನಮ್ಮ ಹೆಬ್ಬಲಸು. ಈ ಗಿಡಕ್ಕೂ ಆ ಮರಕ್ಕೂ ಇರುವ ನಂಟನ್ನು ಅಂದಿನ ಮಲಬಾರಿನ ಜನ ಹೆಸರಿನಲ್ಲೇ ಹೇಳಿದ್ದರು. ಸೀಬೆ ಮತ್ತು ನೀಲಗಿರಿ ತೊಗಟೆ ಕಳಚುವ ಮರಗಳು, ಬೇರು ಹಿಡಿದ ಮೇಲೂ ಗಿಡ ತೊಗಟೆಯ ಸಮೇತ ಕೆಳಗೆ ಬೀಳುತ್ತದೆ.

ಅಡಿಕೆ ಮರದ ವಿಷಯವನ್ನು ಬೇರೆಯಾಗಿಯೇ ಹೇಳುತ್ತೇನೆ, ಏಕೆಂದರೆ ಮಲೆನಾಡಿನಲ್ಲಿ ಅಂಗಳದ ಅಂಚಿನ ಅಡಿಕೆ ಮರಕ್ಕೇ ಇದನ್ನು ಕಟ್ಟುವುದು ರೂಢಿ. ಕಟ್ಟಿದರೆ ಬೇರು ಹಿಡಿಯುವುದೂ ಉಂಟು. ಆದರೆ ಕೊಳೆರೋಗಕ್ಕೆಂದು ಮಳೆಗಾಲದ ಆರಂಭದಲ್ಲಿ ಒಮ್ಮೆ, ಮುಂದೆ ಒಂದೂವರೆ ತಿಂಗಳ ಆಸುಪಾಸಿನಲ್ಲಿ ಮತ್ತೊಮ್ಮೆ ಗೊನೆಗಳಿಗೆ ಹೊಡೆಯುವ ಬೋರ್ಡೋ ದ್ರಾವಣ ಕಾಂಡದ ಗುಂಟ ಇಳಿದು ಈ ಗಿಡವನ್ನು ತೋಯಿಸುತ್ತದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೆರೆತ ಆ ದ್ರಾವಣದಲ್ಲಿರುವ ತಾಮ್ರ ಶಿಲೀಂಧ್ರವನ್ನು ಕೊಲ್ಲುವುದಕ್ಕೇ ಇರುವುದು. ಆರ್ಕಿಡ್‌ನ ಎಳೆಯ ಬೇರಿನ ತುದಿಗೆ ಅದು ಒಗ್ಗುವುದಿಲ್ಲ, ತುದಿ ಕಪ್ಪಾಗಿ ಬೆಳವಣಿಗೆ ನಿಲ್ಲುತ್ತದೆ. ಬೇರು ಹೊಸದಾಗಿ ಓಡುವ ಕಾಲವೂ ಮದ್ದು ಹೊಡೆಯುವ ಕಾಲವೂ ಒಂದೇ ಆಗಿರುವುದರಿಂದ, ಮದ್ದು ಬೀಳುವ ಮರಕ್ಕೆ ಸೀತಾಳೆ ದಂಡೆ ಕಟ್ಟಬೇಡಿ ಎಂದೇ ನನ್ನ ಸಲಹೆ. ಈಗಾಗಲೇ ಬೇರು ಹಿಡಿದದ್ದಿದ್ದರೆ ಕೀಳುವುದು ಬೇಡ. ಮದ್ದು ಹೊಡೆಯುವ ದಿನ ಪ್ಲಾಸ್ಟಿಕ್ ಹಾಳೆ ಸುತ್ತಿ, ಅಂದೇ ಸಂಜೆ ಬಿಚ್ಚಿದರೆ ಸಾಕು.

ಕಟ್ಟುವ ಕಾಲ ಮೇ ತಿಂಗಳ ಕೊನೆಯಿಂದ ಆರಿದ್ರಾ ಮಳೆ ಮುಗಿಯುವವರೆಗೆ. ಆಗ ಬೇರಿನ ತುದಿ ಹಸಿರಾಗಿ ಮಿಂಚುತ್ತಿರುತ್ತದೆ. ತುದಿ ಹಸಿರಿದ್ದರೆ ಬೇರು ನಡೆಯುತ್ತಿದೆ ಎಂದರ್ಥ, ಬಿಳಿ ಹೊದಿಕೆ ತುದಿಯನ್ನೂ ಮುಚ್ಚಿದ್ದರೆ ಮಲಗಿದೆ ಎಂದರ್ಥ. ಮಲಗಿದ ಗಿಡವನ್ನು ದೀಪಾವಳಿಯ ಹೊತ್ತಿಗೆ ತಂದು ಕಟ್ಟಿದರೆ ಅದು ತೊಗಟೆಯನ್ನು ಹಿಡಿಯುವುದಕ್ಕೆ ಮುಂದಿನ ಮುಂಗಾರಿನವರೆಗೆ ಕಾಯಬೇಕು, ಅಷ್ಟರಲ್ಲಿ ಬೇಸಿಗೆ ಅದನ್ನು ಸುಕ್ಕುಗಟ್ಟಿಸುತ್ತದೆ. ಕಟ್ಟುವುದಕ್ಕೆ ಹಳೆಯ ಪಂಚೆಯ ಪಟ್ಟಿ ಅಥವಾ ಬಾಳೆನಾರು ಉತ್ತಮ. ವರ್ಷದಲ್ಲಿ ಅದು ತಾನಾಗಿ ಲಡ್ಡಾಗಿ ಬೀಳುವ ವೇಳೆಗೆ ಬೇರು ಹಿಡಿದಿರುತ್ತದೆ. ತಂತಿ ಕಾಂಡವನ್ನು ಕೊಯ್ಯುತ್ತದೆ. ಗಿಡ ಒಂದಿಷ್ಟೂ ಅಲುಗಾಡದಂತೆ ಬಿಗಿಯಾಗಿರಬೇಕು, ಏಕೆಂದರೆ ಗಾಳಿಗೆ ಗಿಡ ಅಲುಗಿದಷ್ಟು ಸಲ ತೊಗಟೆಗೆ ತಾಕಿದ ಬೇರಿನ ತುದಿ ಉಜ್ಜಿ ಗಾಯವಾಗುತ್ತದೆ.

ಕಟ್ಟುವಾಗ ಸುಳಿ ನೆಟ್ಟಗೆ ಆಕಾಶ ನೋಡುವಂತಿರಬಾರದು. ನಮ್ಮಲ್ಲಿ ಬಹುತೇಕರು ತಪ್ಪುವುದು ಇಲ್ಲಿಯೇ. ಈ ಗಿಡಕ್ಕೆ ಒಂದೇ ಕಾಂಡ, ಒಂದೇ ಸುಳಿ; ಎಲೆಗಳು ಎರಡು ಸಾಲಿನಲ್ಲಿ ದೋಣಿಯಂತೆ ಮಡಿಚಿಕೊಂಡಿದ್ದು, ಬಿದ್ದ ನೀರನ್ನೆಲ್ಲ ಬುಡಕ್ಕೆ ಇಳಿಸುತ್ತವೆ. ಆಗುಂಬೆ, ಹುಲಿಕಲ್, ನಗರದಂಥ ಕಡೆ ವಾರಗಟ್ಟಲೆ ಬಿಡದೆ ಮಳೆ ಹಿಡಿದಾಗ ಸುಳಿಯಲ್ಲಿ ನಿಂತ ನೀರು ಕೊಳೆ ತರುತ್ತದೆ. ಕಾಡಿನ ಮರದ ಮೇಲೆ ಹಳೆಯ ಗಿಡಗಳು ಹೊರಕ್ಕೆ ಬಾಗಿಯೇ ಇರುವುದನ್ನು ಗಮನಿಸಿ. ಹಾಗೆಯೇ ಓರೆಯಾಗಿ, ಸುಳಿ ತುಸು ಹೊರಕ್ಕೆ ಚಾಚುವಂತೆ ಕಟ್ಟಿದರೆ ನೀರು ಹರಿದುಹೋಗುತ್ತದೆ. ಸುಳಿ ಕೊಳೆತು ಕೈಗೆ ಬಂದರೂ ಗಿಡವನ್ನು ಎಸೆಯಬೇಡಿ. ಕೊಳೆತ ಭಾಗವನ್ನು ಶುದ್ಧವಾದ ಚಾಕುವಿನಿಂದ ಕೊಯ್ದು, ಗಾಯಕ್ಕೆ ದಾಲ್ಚಿನ್ನಿ ಪುಡಿ ಹಚ್ಚಿ ಮಳೆ ತಾಗದಂತೆ ಇಟ್ಟರೆ, ಬೇರು ಗಟ್ಟಿಯಿರುವ ಗಿಡ ಬುಡದಿಂದ ಮರಿ ಒಡೆಯುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ.

ಬೆಳಕಿನ ಅಳತೆಯನ್ನು ಎಲೆಯೇ ಹೇಳುತ್ತದೆ. ಎಲೆ ಕಡುಹಸಿರಾಗಿ ಉದ್ದುದ್ದ ಬೆಳೆದಿದ್ದರೆ ನೆರಳು ಹೆಚ್ಚಾಗಿದೆ, ನೋಡಲು ಚೆನ್ನಾಗಿದ್ದರೂ ಹೂ ಬಿಡುವುದಿಲ್ಲ. ಕೆಂಪಾಗಿ ಅಂಚು ಸುಟ್ಟಿದ್ದರೆ ಬಿಸಿಲು ಹೆಚ್ಚು. ಮರದ ಪೂರ್ವದ ಮಗ್ಗುಲಲ್ಲಿ, ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನದ್ದು ಎಲೆಗಳ ಮರೆಯಿಂದ ಸೋಸಿ ಬರುವ ಕಡೆ ಕಟ್ಟಿದರೆ ಎಲೆ ತಿಳಿಹಸಿರಾಗಿ ನಿಲ್ಲುತ್ತದೆ. ಮೂರು ವರ್ಷವಾದರೂ ಹೂವಿಲ್ಲ ಎಂದು ದೂರುವವರ ಮನೆಯಲ್ಲಿ ಗಿಡ ಬಹುಪಾಲು ಜಗಲಿಯ ಒಳಗೆ ತೂಗುತ್ತಿರುತ್ತದೆ.

ಮಳೆಗಾಲದಲ್ಲಿ ನೀರು ಹಾಕುವ ಮಾತೇ ಇಲ್ಲ. ಮರಕ್ಕೆ ಕಟ್ಟಿ ಮೊದಲ ವರ್ಷ ಕಳೆಯದ ಗಿಡಕ್ಕೆ ಮಾಘದಿಂದ ಆಚೆಗೆ ಎರಡು ಮೂರು ದಿನಕ್ಕೊಮ್ಮೆ ಬೆಳಗ್ಗೆ ಬೇರು ಹಸಿರಾಗುವಷ್ಟು ಚಿಮುಕಿಸಿದರೆ ಸಾಕು. ಬಾವಿಯ ನೀರು ಒಳ್ಳೆಯದು; ಸುಣ್ಣದ ಅಂಶ ಹೆಚ್ಚಿರುವ ಬೋರ್‌ವೆಲ್ ನೀರು ಬೇರಿನ ಮೇಲೆ ಬಿಳಿಯ ಪೊರೆ ಕಟ್ಟುತ್ತದೆ. ಬೇರೂರಿದ ಗಿಡಕ್ಕೆ ಗೊಬ್ಬರ ಅಗತ್ಯವಿಲ್ಲ. ಕೊಡಲೇಬೇಕೆಂದರೆ ಬೇರು ಓಡುವ ತಿಂಗಳುಗಳಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ 19:19:19 ಗೊಬ್ಬರವನ್ನು ಲೀಟರಿಗೆ ಅರ್ಧ ಗ್ರಾಂನಷ್ಟೇ ಕರಗಿಸಿ, ಮಳೆ ಬಿಡುವು ಕೊಟ್ಟಾಗ ಹದಿನೈದು ದಿನಕ್ಕೊಮ್ಮೆ ಸಿಂಪಡಿಸಬಹುದು. ಸಗಣಿ ಬಗ್ಗಡ ಬೇರಿನ ಸ್ಪಂಜನ್ನು ಮುಚ್ಚಿಬಿಡುತ್ತದೆ, ಅದು ತೋಟಕ್ಕೇ ಇರಲಿ. ಬಸವನಹುಳು ರಾತ್ರಿ ಬಂದು ಹಸಿರು ತುದಿಯನ್ನು ಮೇಯುತ್ತದೆ. ಟಾರ್ಚ್ ಹಿಡಿದು ಆಯುವುದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ.

ಗಿಡವನ್ನು ಎಲ್ಲಿಂದ ತರಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಕಟುವಾಗಿ ಕೇಳಿಸಬಹುದು. ಕಾಡಿನ ಮರದಿಂದ ಕೀಳಬೇಡಿ. ಮೀಸಲು ಅರಣ್ಯದಿಂದ ತರುವುದು ಕಾನೂನಿಗೆ ವಿರುದ್ಧ. ವಿದೇಶ ವ್ಯಾಪಾರಕ್ಕಂತೂ ಇಡೀ ಆರ್ಕಿಡ್ ಕುಟುಂಬ, ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ. ಹೂವಿರುವಾಗ ಕಿತ್ತರೆ ಬೇರಿನ ಅರ್ಧ ಭಾಗ ತೊಗಟೆಯಲ್ಲೇ ಉಳಿಯುತ್ತದೆ, ಗಿಡ ಹೂವಿಗೆ ಇಡೀ ಶಕ್ತಿ ಸುರಿದಿರುವ ಹೊತ್ತಿಗೇ ಬಾಯಿಯನ್ನೂ ಕಳೆದುಕೊಳ್ಳುತ್ತದೆ. ಇದೇ ಹೂವು ಅಸ್ಸಾಂ ಮತ್ತು ಅರುಣಾಚಲ ಪ್ರದೇಶಗಳ ರಾಜ್ಯಪುಷ್ಪ. ನಮ್ಮಲ್ಲಿ ಅದಕ್ಕೆ ಅಂಥ ಪಟ್ಟವಿಲ್ಲ, ಸೀತೆ ಮುಡಿದ ದಂಡೆ ಎಂಬ ಹೆಸರಷ್ಟೇ ಇದೆ. ನಿಮ್ಮದೇ ಹಿತ್ತಲಿನ, ತೋಟದ ಮರದ ಕೊಂಬೆ ಗಾಳಿಮಳೆಗೆ ಮುರಿದು ಬಿದ್ದಾಗ ಅದರ ಮೇಲಿರುವ ಗಿಡ ನೆಲದಲ್ಲಿ ಉಳಿಯುವುದಿಲ್ಲ. ಅದನ್ನು ಬೇರು ಬಿಡಿಸದೆ, ಕೊಂಬೆಯ ತುಂಡಿನ ಸಮೇತ ಗರಗಸದಿಂದ ಕೊಯ್ದು ಹತ್ತಿರದ ಹಲಸಿಗೆ ಕಟ್ಟಿ. ಇಲ್ಲವೆಂದರೆ ಪ್ರಯೋಗಾಲಯದಲ್ಲಿ ಬೆಳೆಸಿದ ಸಸಿಯನ್ನು ಕೇಳಿ ಕೊಳ್ಳಿ.

ಪ್ರಯೋಗಾಲಯ ಏಕೆ ಬೇಕಾಯಿತು ಎಂಬುದಕ್ಕೆ ಕಾರಣವಿದೆ. ಒಂದು ಹೂವನ್ನು ಹತ್ತಿರ ಹಿಡಿದು ಅದರ ನಡುಗಂಬದ ತುದಿಯನ್ನು ಕಡ್ಡಿಯಿಂದ ಮೇಲಕ್ಕೆ ಮೀಟಿದರೆ ಪುಟ್ಟ ಟೋಪಿಯೊಂದು ಕಳಚಿ, ಸಾಸಿವೆಗಿಂತ ಸಣ್ಣ ಎರಡು ಹಳದಿ ಗುಂಡುಗಳು ಕಡ್ಡಿಗೆ ಅಂಟಿಕೊಂಡು ಬರುತ್ತವೆ. ಹೂವಿನ ಪರಾಗವೆಲ್ಲ ಅಷ್ಟೇ. ಕೀಟವೊಂದು ಅದನ್ನು ಹೊತ್ತು ಇನ್ನೊಂದು ಹೂವಿಗೆ ಮುಟ್ಟಿಸಿದರೆ ಮಾತ್ರ ಕಾಯಿ ಕಟ್ಟುತ್ತದೆ. ಕಾಯಿ ಮಾಗಲು ತಿಂಗಳುಗಟ್ಟಲೆ ಬೇಕು. ಒಡೆದಾಗ ಹಾರುವ ಸಾವಿರ ಸಾವಿರ ಬೀಜಗಳು ಹಿಟ್ಟಿನಷ್ಟು ನುಣುಪು, ಅವುಗಳಲ್ಲಿ ಮೊಳಕೆಗೆ ಬೇಕಾದ ಆಹಾರದ ಗಂಟಿಲ್ಲ. ತೊಗಟೆಯಲ್ಲಿರುವ ಶಿಲೀಂಧ್ರವೊಂದು ಬೀಜದೊಳಗೆ ಹೊಕ್ಕು ಉಣಿಸಿದರೇ ಅದು ಮೊಳೆಯುತ್ತದೆ. ಆರ್ಕಿಡ್ ಬೀಜದ ಈ ಗುಟ್ಟನ್ನು ಫ್ರಾನ್ಸಿನ ನೋಯೆಲ್ ಬರ್ನಾರ್ 1899ರಲ್ಲಿ ಕಂಡುಕೊಂಡರು. ಶಿಲೀಂಧ್ರವಿಲ್ಲದೆ ಸಕ್ಕರೆ ಬೆರೆಸಿದ, ಕಡಲಪಾಚಿಯಿಂದ ತೆಗೆದ ಅಗರ್ ಎಂಬ ಲೋಳೆಯ ಮೇಲೆ ಮೊಳೆಸಬಹುದೆಂದು 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ತೋರಿಸಿದರು. ಇಂದಿನ ಸಸಿಗಳು ಆ ದಾರಿಯಲ್ಲಿ ಬಂದವು.

ಹಾಗಾಗಿ ಮುಡಿಗೆಂದು ದಂಡೆ ಕೊಯ್ಯುವವರು ಗಿಡಕ್ಕೆ ಒಂದು ಗೊನೆಯನ್ನಾದರೂ ಬಿಡಬೇಕೆಂದು ಕೇಳಿಕೊಳ್ಳುತ್ತೇನೆ. ಒಂದೇ ಗೊನೆ ಬಿಟ್ಟ ವರ್ಷ ಅದನ್ನು ಮರದ ಮೇಲೆಯೇ ಇರಲು ಬಿಡಿ. ನಮ್ಮ ಮನೆಯ ಹಿಂದಿನ ಹಲಸಿನಲ್ಲಿ ಹೀಗೆ ಬಿಟ್ಟ ಗೊನೆಯಲ್ಲಿ ಎರಡೇ ಕಾಯಿ ನಿಂತು ಮುಂದಿನ ಬೇಸಿಗೆಯಲ್ಲಿ ಒಡೆದವು. ಎರಡು ಮಳೆಗಾಲ ಕಳೆದ ಮೇಲೆ, ತಾಯಿಗಿಡದ ಬೇರು ಹರಿದಿದ್ದ ಗುಂಟ ತೊಗಟೆಯ ಬಿರುಕಿನಲ್ಲಿ ಅಕ್ಕಿಕಾಳಿನಷ್ಟು ಎಲೆಗಳ ಮೂರು ಸಸಿ ಕಂಡವು. ಅಂಥ ಜಾಗದ ಪಾಚಿಯನ್ನು ಕೆರೆಯಬೇಡಿ, ಕಾಂಡಕ್ಕೆ ಸುಣ್ಣ ಬಳಿಯುವಾಗ ಆ ಭಾಗವನ್ನು ಒಂದು ಗೇಣು ಬಿಟ್ಟು ಬಳಿಯಿರಿ.